ಬೇರಿಲ್ಲದ ಹಲ್ಲು

ತನುಶ್ರೀ ತನ್ನ ಹಾಲುಹಲ್ಲನ್ನು ತಾನೇ ಮುರಿದುಹಾಕಿದ್ದಳು. ಹಾಗಂತ ಅವಳ ನಂಬಿಕೆ. ಏಳು ವರ್ಷದವರ ನಂಬಿಕೆಯನ್ನು ಅಲ್ಲಾಡಿಸುವುದು ಹಲ್ಲು ಅಲ್ಲಾಡಿಸಿದಷ್ಟು ಸುಲಭವಲ್ಲ.

"ಕೀಳ್ಬೇಡ ಕಣೇ, ತಾನಾಗೇ ಬೀಳ್ಲಿ," ಎಂದು ಅಜ್ಜಿ ಕಲ್ಯಾಣಮ್ಮ ಹೇಳಿ ಹೇಳಿ ಸೋತಿದ್ದರು. ಇವಳೋ ಕೇಳುವ ಪೈಕಿಯೇ ಅಲ್ಲ. ಹಿತ್ತಲಿನಲ್ಲಿ ಕೂತು, ಹಲ್ಲಿಗೆ ಹೂ ಕಟ್ಟುವ ದಾರ ಸುತ್ತಿ, ಕಣ್ಣು ಮುಚ್ಚಿ ಎಳೆದೇಬಿಟ್ಟಳು. ಅಂಗೈಗೆ ಬಿದ್ದದ್ದನ್ನು ನೋಡಿ ಎದೆ ಧಸಕ್ಕೆಂದಿತು. ಅಕ್ಕಿಕಾಳಿನಷ್ಟು ಹಲ್ಲು, ಅದಕ್ಕೆ ಬೇರೆಂಬುದೇ ಇರಲಿಲ್ಲ.

ಹಲ್ಲಿಗೆ ಬೇರಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋದ ತಿಂಗಳು ಅಜ್ಜಿ ದವಡೆಹಲ್ಲು ಕೀಳಿಸಿಕೊಂಡು, ಹತ್ತಿಯಲ್ಲಿ ಸುತ್ತಿ ತಂದಾಗ ನೋಡಿದ್ದಳಲ್ಲ, ಆ ಉದ್ದುದ್ದ ಬೇರುಗಳನ್ನು! ಅದನ್ನು ಸಗಣಿ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆದವಳೂ ಅವಳೇ. ಚಾಮರಾಜಪೇಟೆಯ ಆ ಬೀದಿಯಲ್ಲಿ ಮಕ್ಕಳ ಹಲ್ಲು ಬಿದ್ದರೆ ಹೊಸದು ಬರಲೆಂದು ಹಾಗೆ ಎಸೆಯುವುದು ರೂಢಿ. ಅಜ್ಜಿಯರಿಗೆ ಆ ಸೌಲಭ್ಯವಿಲ್ಲವೆಂದು ಅವಳಿಗೆ ಹೊಳೆದಿರಲಿಲ್ಲ. "ಹಳೇದು ನಿಂಗೆ, ಹೊಸದು ಅಜ್ಜಿಗೆ!" ಎಂದು ಹೆಂಚಿನ ಮಾಡಿಗೆ ಕೂಗಿ ಹೇಳಿದ್ದಳು. ಅಂದಿನಿಂದ ಬೆಳಗಾದರೆ ಅಜ್ಜಿಯ ಬಾಯಿ ತೆಗೆಸಿ ನೋಡುವುದೇ ಕೆಲಸ.

ಈಗ ತನ್ನದೇ ಬೇರು ಒಳಗೆ ಮುರಿದು ಕೂತಿದೆ, ಹೊಸ ಹಲ್ಲಿಗೆ ಜಾಗವೆಲ್ಲಿ? ಮದುವೆಯಲ್ಲೂ ಬೋಡುಬಾಯಿ! ನೆನೆಸಿಕೊಂಡರೇ ಅಳು ಬಂತು. ಹಲ್ಲನ್ನು ಕಂಪಾಸ್ ಬಾಕ್ಸಿನಲ್ಲಿ ಬಚ್ಚಿಟ್ಟು, ಕೇಳಿದವರಿಗೆಲ್ಲ "ನುಂಗ್ಬಿಟ್ಟೆ" ಎಂದಳು.

ಮರುವಾರ ಅಜ್ಜಿ ಕಟ್ಟಿಸಿಕೊಳ್ಳುವ ಹಲ್ಲಿಗೆ ಅಳತೆ ಕೊಡಲು ಹಲ್ಲಿನ ಡಾಕ್ಟರ ಬಳಿ ಹೊರಟಾಗ ತನುಶ್ರೀ ಹಟ ಹಿಡಿದು ಜೊತೆಗೆ ಹೋದಳು. ಅಳತೆ ಮುಗಿದು ಅಜ್ಜಿ ಅಲ್ಲಿನ ದೊಡ್ಡ ಕುರ್ಚಿಯಿಂದ ಇಳಿಯುತ್ತಲೇ ಅದನ್ನು ತಾನೇ ಹತ್ತಿ ಕೂತು, ಬಚ್ಚಿಟ್ಟಿದ್ದ ಹಲ್ಲನ್ನು ಅಂಗೈಯಲ್ಲಿ ಮುಂದೆ ಚಾಚಿದಳು.

"ಡಾಕ್ಟ್ರೇ, ಇದ್ರ ಬೇರು ಒಳಗೇ ಮುರ್ಕೊಂಡಿದೆ. ತೆಗ್ದುಬಿಡಿ."

ಡಾಕ್ಟರ್ ಚೈತನ್ಯಾ ನಗಲಿಲ್ಲ, ಅದು ಅವರ ದೊಡ್ಡತನ. ಪುಟ್ಟ ಕನ್ನಡಿ ಹಿಡಿದು ತೋರಿಸಿದರು. ಒಸಡಿನ ನಡುವೆ ಬಿಳಿಯ ಅಂಚೊಂದು ಇಣುಕುತ್ತಿತ್ತು.

"ಮುರಿದಿಲ್ಲ ಪುಟ್ಟಿ, ಕರಗಿದೆ. ನಿನ್ನ ದವಡೆ ಬೆಳೀತಿದೆ, ಅದಕ್ಕೆ ಈ ಸಣ್ಣ ಹಲ್ಲು ಸಾಲಲ್ಲ. ಕೆಳಗೆ ದೊಡ್ಡದೊಂದು ತಯಾರಾಗಿರತ್ತೆ. ಅದು ಮೇಲೆ ಬರ್ತಾ ಬರ್ತಾ ಹಾಲುಹಲ್ಲಿನ ಬೇರು ಕರಗ್ತಾ ಹೋಗತ್ತೆ. ಹಿಡ್ಕೊಳ್ಳೋಕೆ ಬೇರೇ ಇಲ್ದಿದ್ರೆ ಹಲ್ಲು ಬೀಳ್ದೆ ಇನ್ನೇನಾಗತ್ತೆ?"

ತನುಶ್ರೀಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು.

"ಮತ್ತೆ ಅಜ್ಜಿ ಹಲ್ಲಿಗೆ ಅಷ್ಟುದ್ದ ಬೇರಿತ್ತಲ್ಲ?"

"ಅದ್ರ ಕೆಳಗೆ ಇನ್ಯಾವ ಹಲ್ಲೂ ಇರ್ಲಿಲ್ಲ ಕಣಮ್ಮ. ಅದೇ ಕೊನೇದು."

ಮನೆ ಬಾಗಿಲಿಗೆ ಬಂದಾಗ ತನುಶ್ರೀ ತಡೆಯಲಾರದೆ ಕೇಳಿದಳು.

"ನಿಂಗೆ ಗೊತ್ತಿತ್ತಾ ಅಜ್ಜಿ? ಮತ್ಯಾಕೆ ಎಸೆಯೋಕೆ ಬಿಟ್ಟೆ?"

"ಮೊದ್ಲು ತಮಾಷೆ ಅಂತ ಬಿಟ್ಟೆ ಕಣೇ," ಎಂದರು ಕಲ್ಯಾಣಮ್ಮ. "ಆಮೇಲೆ ನೀನು ದಿನಾ ಅಷ್ಟು ನಂಬ್ಕೊಂಡು ನೋಡ್ತಿದ್ದೆಯಲ್ಲ, ನಂಗೂ ಒಂದೊಂದ್ಸಲ ನಾಲಿಗೆ ಆ ಕಡೆಗೇ ಹೋಗ್ಬಿಡೋದು. ಬಂದಿದ್ಯೇನೋ ಅಂತ."

ತನುಶ್ರೀ ಬೀದಿಯಿಂದ ಸಗಣಿ ತಂದು ತನ್ನ ಹಲ್ಲನ್ನು ಉಂಡೆಯೊಳಗಿಟ್ಟಳು. ಕೈಯೆತ್ತಿ, "ಹಳೇದು ನಿಂಗೆ, ಹೊಸದು..." ಎಂದವಳು ಅಲ್ಲಿಗೇ ನಿಂತಳು. ತನ್ನದಂತೂ ಆಗಲೇ ಬರುತ್ತಿದೆ, ಅದನ್ನು ಹೆಂಚಿನ ಮಾಡು ಕೊಡಬೇಕಾಗಿಲ್ಲ.

"ಅಜ್ಜಿಗೆ!" ಎಂದು ಕೂಗಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದಳು.