ಹೋತದ ಮುಖದ ಬೀಗ

ರೈಲು ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಡೈಲಾಗ್ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಸ್ಪಾನರ್ ಕೇಳಿದರೆ ಸುಮ್ಮನೆ ಕೊಡುವ ಆಸಾಮಿಯಲ್ಲ. ಕಾಲರ್ ಎತ್ತಿ, ಒಂದು ಕಣ್ಣು ಕಿರಿದು ಮಾಡಿ, "ಇದು ನನ್ನ ಕೈಗೆ ಬಂತು ಅಂದ್ರೆ ನಟ್ಟಿಗೆ ನಡುಕ ಶುರು" ಅನ್ನುವನು, ಆಮೇಲೆ ಕೊಡುವನು. ಬೋಗಿಗಳ ಹೊಟ್ಟೆಯಡಿ ಕೂತು ಬ್ರೇಕ್ ನೋಡುವ ಕೆಲಸ ಅವನದು. ಕೆಲಸದಲ್ಲಿ ಕೊಂಕು ತೆಗೆಯುವ ಹಾಗಿರಲಿಲ್ಲ. ಬಾಯಿ ಮಾತ್ರ ದಿನವೂ ಓವರ್‌ಟೈಮ್ ಮಾಡುತ್ತಿತ್ತು.

ಅದೇ ಶೆಡ್ಡಿನಲ್ಲಿ ಅವನ ಭಾವನೂ ಇದ್ದ. ಅಕ್ಕನ ಗಂಡ. ಡೈಲಾಗ್ ಉಣ್ಣುವುದು, ಮಲಗುವುದು, ಬೈಸಿಕೊಳ್ಳುವುದು ಎಲ್ಲ ಅವರ ಮನೆಯಲ್ಲೇ. ಇವನು ರೈಲಿನ ಹೊಟ್ಟೆಯಡಿ ದುಡಿದರೆ ಭಾವ ದುಡಿಯುವುದು ರೈಲಿನ ನೆತ್ತಿಯ ಮೇಲೆ. ಮೇಲಿನ ತಂತಿಗೆ ಕೈಚಾಚಿ ಕರೆಂಟು ಎಳೆದುಕೊಳ್ಳುವ ಒಂದು ಕಬ್ಬಿಣದ ಚೌಕಟ್ಟು ಇರುತ್ತದಲ್ಲ, ಅದರ ಸವೆದ ಪಟ್ಟಿ ಬದಲಿಸುವುದು, ಅಂಚು ಉಜ್ಜುವುದು. ಆ ತಂತಿಯಲ್ಲಿ ಇಪ್ಪತ್ತೈದು ಸಾವಿರ ವೋಲ್ಟು. ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಅದೇ ಬಂದು ಅಪ್ಪಿಕೊಳ್ಳುತ್ತದೆ.

ಅದಕ್ಕೇ ಬೀಗದ ನಿಯಮ. ಪ್ರತಿ ಲೈನಿನ ಕಂಬದಲ್ಲೂ ಒಂದು ದಪ್ಪ ಹ್ಯಾಂಡಲ್. ಕೆಳಗೆ ಎಳೆದರೆ ಆ ಲೈನಿನ ತಂತಿ ಸತ್ತ ಹಾಗೆ, ಮೇಲೆತ್ತಿದರೆ ಮತ್ತೆ ಕರೆಂಟು ಹರಿಯಲು ದಾರಿ ಬಿಟ್ಟ ಹಾಗೆ. ಮೇಲೆ ಹತ್ತುವ ಪ್ರತಿಯೊಬ್ಬನೂ ಎಳೆದ ಹ್ಯಾಂಡಲಿಗೆ ತನ್ನ ಸ್ವಂತ ಬೀಗ ಹಾಕಬೇಕು, ಬೀಗದ ಬಿಲ್ಲೆಯ ಮೇಲೆ ತನ್ನ ಹೆಸರು, ತನ್ನ ಫೋಟೋ. ಇರುವುದೊಂದೇ ಕೀಲಿ, ಅದು ಅವನ ಜೇಬಿನಲ್ಲೇ. ಇಳಿದು ಬಂದು ಅವನೇ ತೆಗೆಯುವವರೆಗೆ ಹ್ಯಾಂಡಲ್ ಅಲುಗಾಡುವಂತಿಲ್ಲ. ಯಾರಾದರೂ ಬೀಗ ಮರೆತು ಮನೆಗೆ ಹೋದರೆ ಮೊದಲು ಇಡೀ ರೈಲಿನ ನೆತ್ತಿ ಹುಡುಕಬೇಕು, ಮೂರು ಜನ ಸಹಿ ಹಾಕಬೇಕು, ಆಮೇಲೆಯೇ ಕತ್ತರಿಸಬೇಕು.

ನಾಲ್ಕು ದಿನದ ಹಿಂದೆ ಡೈಲಾಗ್ ಭಾವನ ಬೀಗದ ಬಿಲ್ಲೆಗೆ ಒಂದು ಹೋತದ ಫೋಟೋ ಅಂಟಿಸಿದ್ದ. ಭಾವನ ಗಲ್ಲದ ತುದಿಯಲ್ಲಿ ನಾಲ್ಕು ಬೆರಳಗಲದ ಗಡ್ಡ, ಹೋತಕ್ಕೂ ಡಿಟ್ಟೋ. ಹಳೆಯ ಪಾಠದ ಪುಸ್ತಕದಿಂದ ಅದನ್ನು ಕತ್ತರಿಸಿ ಕೊಟ್ಟವಳು ಭಾವನ ಮಗಳೇ, ಎರಡನೇ ಕ್ಲಾಸಿನವಳು. ಫೋಟೋ ಸ್ವಲ್ಪ ದೊಡ್ಡದಾಗಿ ಕೆಳಗಿನ ಹೆಸರೂ ಮುಚ್ಚಿಹೋಗಿತ್ತು. ಭಾವ ನೋಡಿ ಗಡ್ಡ ನೀವಿಕೊಂಡು, ಇರಲಿ ಬಿಡು, ನನಗಿಂತ ಲಕ್ಷಣವಾಗಿದೆ ಎಂದು ಹಾಗೇ ಬಳಸುತ್ತಿದ್ದ. ಅವನ ಜೊತೆ ದುಡಿಯುವ ಮೂರನೇ ಲೈನಿನ ಹುಡುಗರು ಎರಡು ದಿನ ಅವನನ್ನು ಕಂಡಾಗಲೆಲ್ಲ ಮೇ ಮೇ ಎಂದರು. ಪಿಕ್ಚರ್ ಹಿಟ್ ಎಂದು ಡೈಲಾಗ್ ಬೀಗಿದ್ದ.

ಇವತ್ತು ಮಧ್ಯಾಹ್ನ ಇಬ್ಬರೂ ಒಟ್ಟಿಗೇ ಡಬ್ಬಿ ಬಿಚ್ಚಿದ್ದರು. ಒಂದು ಅಂಚು ಉಜ್ಜುವುದು ಬಾಕಿ ಇದೆ, ಕಾಲು ಗಂಟೆಯ ಕೆಲಸ ಎಂದು ಭಾವ ಬೇಗ ಎದ್ದು ಹೋಗಿದ್ದ. ಅದಾಗಿ ಸ್ವಲ್ಪ ಹೊತ್ತಿಗೆ ಡೈಲಾಗ್ ಒಂದು ಟಾರ್ಚು ವಾಪಸ್ ಕೊಡಲು ಸ್ಟೋರಿಗೆ ಬಂದ. ಸ್ಟೋರಿನ ಮಾಮ ದೊಡ್ಡ ಕಟ್ಟರನ್ನು ಮೊಳೆಗೆ ನೇತುಹಾಕುತ್ತಾ ಹಲ್ಲು ಬಿಟ್ಟ.

"ಬಂದ್ಯಾ ಹೀರೋ? ನಿನ್ನ ಹೋತದ ಕಥೆ ಮುಗೀತು ನೋಡು."

ಗುಜರಿ ತಟ್ಟೆಯಲ್ಲಿ ಬೀಗ ಬಿದ್ದಿತ್ತು. ಕೊಂಡಿ ಎರಡು ತುಂಡು. ಬಿಲ್ಲೆಯ ಮೇಲಿನ ಹೋತ ಡೈಲಾಗನ್ನೇ ನೋಡುತ್ತಿತ್ತು.

ಮಾಮ ನಗುತ್ತಲೇ ಹೇಳಿದ. ಹೊಸ ಇನ್‌ಚಾರ್ಜ್ ಮೇಡಂ ಮೂರನೇ ಲೈನಿಗೆ ಕರೆಂಟು ಬಿಡಿಸಲು ಹೋದರಂತೆ. ಹತ್ತಿಳಿಯುವವರು ಸಹಿ ಹಾಕುವ ರಿಜಿಸ್ಟರಿನಲ್ಲಿ, ಬೆಳಿಗ್ಗೆ ಹತ್ತಿದ್ದ ನಾಲ್ಕೂ ಜನ ಇಳಿದಿದ್ದಾರೆ ಎಂದು ಸಹಿ ಇದೆ, ಕಂಬದಲ್ಲಿ ನೋಡಿದರೆ ಹೋತದ ಬೀಗ. ಹೋದ ವಾರ ಅವರ ಕುರ್ಚಿಯನ್ನು ಮೇಜಿಗೆ ಸೇರಿಸಿ ಬೀಗ ಹಾಕಿದ್ದು ಯಾರು? ಇದೂ ಆ ಡೈಲಾಗ್‌ನದೇ ಕಿತಾಪತಿ, ತನ್ನಿ ಕಟ್ಟರು ಎಂದರಂತೆ.

ನಾಲ್ಕೂ ಸಹಿ ಊಟಕ್ಕೆ ಇಳಿದಾಗಿನವು. ಊಟವಾದ ಮೇಲೆ ಭಾವ ಮತ್ತೆ ಹತ್ತಿದ್ದ. ರಿಜಿಸ್ಟರು ಮೇಡಂ ಕೈಯಲ್ಲಿತ್ತು, ಕಾಲು ಗಂಟೆಯ ಕೆಲಸಕ್ಕೆ ಹುಡುಕಿಕೊಂಡು ಹೋಗುವುದೇಕೆ ಎಂದು ಬೀಗವನ್ನಷ್ಟೇ ಹಾಕಿದ್ದ.

ಡೈಲಾಗ್‌ಗೆ ಇದೆಲ್ಲ ಹೊಳೆಯುವ ಹೊತ್ತಿಗೆ ಸರಿಯಾಗಿ ಸೈರನ್ ಕೂಗಲು ಶುರುವಾಯಿತು.

ಕರೆಂಟು ಬಿಡುವ ಮೊದಲಿನ ಸೈರನ್ ಅದು. ಎರಡು ನಿಮಿಷ ಕೂಗುತ್ತದೆ, ನಿಲ್ಲುತ್ತದೆ, ತಂತಿಗೆ ಜೀವ ಬರುತ್ತದೆ. ಭಾವನ ಕಿವಿಯ ಮೇಲೆ ಶಬ್ದ ತಡೆಯುವ ದಪ್ಪ ಕಪ್ಪುಗಳು, ಕೈಯಲ್ಲಿ ಕಿರುಗುಟ್ಟುವ ಗ್ರೈಂಡರು. ಅವನಿಗೆ ಸೈರನ್ ಕೇಳುವುದಿಲ್ಲ.

ಡೈಲಾಗ್ ತಟ್ಟೆಗೆ ಕೈಹಾಕಿದ. ಬೀಗವನ್ನು ಜೇಬಿಗೆ ತುರುಕಿ ಮಾಮನ ಮೇಜಿನ ಫೋನ್ ಎತ್ತಿ ಪವರ್ ರೂಮಿನ ನಂಬರ್ ಒತ್ತಿದ. ಬೆರಳು ಜಾರಿತು. ಮತ್ತೆ ಒತ್ತಿದ. ಅಲ್ಲಿ ಇದ್ದದ್ದು ಫ್ಯೂಸ್ ಅಣ್ಣ, ಸುಮ್ಮಸುಮ್ಮನೆ ಉರಿದುಬೀಳುವ ಮನುಷ್ಯ.

"ಅಣ್ಣಾ, ಮೂರನೇ ಲೈನು ಬಿಡ್ಬೇಡ. ಭಾವ ಮೇಲಿದಾರೆ."

"ಓಹೋ. ಇವತ್ತು ಯಾವ ಸೀನು?"

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ನಿಜ."

"ಹೋದ ತಿಂಗಳು ದೊಡ್ಡ ಸಾಹೇಬರ ಗಂಟಲಲ್ಲಿ ಮಾತಾಡಿ ನನ್ನನ್ನ ಬಿಸಿಲಲ್ಲಿ ಗೇಟಿಗೆ ಓಡಿಸ್ದೆ. ಅವತ್ತೂ ನಿಜ ಅಂದಿದ್ದೆ ಕಣೋ. ಇಡು ಫೋನು."

ಲೈನು ಕಟ್ಟಾಯಿತು.

ಅವನ ಬಾಯಲ್ಲಿ ನೂರು ಖಳನಾಯಕರು, ಇನ್ನೂರು ಹೀರೋಗಳು ವಾಸವಾಗಿದ್ದರು. ಒಬ್ಬನೂ ನೆರವಿಗೆ ಬರಲಿಲ್ಲ. ಅವನು ಓಡಿದ.

ಮೂರನೇ ಲೈನಿನ ಕಂಬದ ಪಕ್ಕ ಅಣಬೆಯಂಥ ಕೆಂಪು ಗುಂಡಿ ಇದೆ. ಒತ್ತಿದರೆ ಇಡೀ ಶೆಡ್ಡಿನ ಕರೆಂಟು ಬೀಳುತ್ತದೆ. ಸ್ಟೋರಿನಿಂದ ಅಲ್ಲಿಗೆ ಆರು ಬೋಗಿಗಳ ಉದ್ದ. ಪಿಕ್ಚರಿನಲ್ಲಾದರೆ ಹೀರೋ ನಿಧಾನವಾಗಿ ತೇಲುತ್ತಾ ಓಡುತ್ತಾನೆ, ಹಿಂದೆ ತಬಲಾ, ಪಿಟೀಲು. ಇಲ್ಲಿ ಅವನ ಬೂಟಿಗೆ ಗ್ರೀಸ್ ಮೆತ್ತಿತ್ತು. ಎರಡನೇ ಬೋಗಿಯ ಹತ್ತಿರ ಜಾರಿ ಬಿದ್ದ. ಅಂಗೈ ಹರಿಯಿತು. ಎದ್ದ. ಎಷ್ಟು ಹೊತ್ತಾಯಿತು? ಫೋನಿಗೇ ಒಂದು ನಿಮಿಷ ಹೋಯಿತೇ? ಸೈರನ್ ಕೂಗುತ್ತಲೇ ಇತ್ತು. ಮೊದಲ ಸಲ ಆ ಹಾಳು ಶಬ್ದ ನಿಲ್ಲದಿರಲಿ ಎಂದು ಅವನು ಬೇಡಿಕೊಂಡ. ಮೂರು. ನಾಲ್ಕು. ಉಸಿರು ಗಂಟಲಲ್ಲಿ ಗರಗಸವಾಡಿತು. ಬೆಳಿಗ್ಗೆ ಅಕ್ಕ ಎರಡು ಡಬ್ಬಿಗಳನ್ನು ಒಂದೇ ಚೀಲಕ್ಕೆ ಹಾಕಿ ಕೊಟ್ಟದ್ದು ಯಾಕೋ ಕಣ್ಣ ಮುಂದೆ ಬಂತು. ಐದು. ಗುಂಡಿ ಕಂಡಿತು. ಅದರ ಮೇಲಿನ ಗಾಜನ್ನು ಮೊಣಕೈಯಿಂದ ಒಡೆದು ಹರಿದ ಅಂಗೈಯನ್ನೇ ಬಡಿದ.

ಸೈರನ್ ನಿಂತಿತು.

ಅವನು ಅಲ್ಲೇ ಕಲ್ಲಾದ. ಗುಂಡಿ ಒತ್ತಿದ್ದಕ್ಕೆ ನಿಂತಿತೋ, ಎರಡು ನಿಮಿಷ ಮುಗಿದು ನಿಂತಿತೋ? ಮೇಲೆ ಗ್ರೈಂಡರಿನ ಸದ್ದೂ ಇರಲಿಲ್ಲ. ಶೆಡ್ಡಿನ ಫ್ಯಾನುಗಳು ಒಂದೊಂದಾಗಿ ಸುತ್ತು ಕಳೆದುಕೊಳ್ಳುತ್ತಿದ್ದವು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು.

"ಭಾವಾ" ಎಂದ.

ಮೆಟ್ಟಿಲು ಮುಂದೆಯೇ ಇತ್ತು, ಕಾಲು ಆಗಲೇ ಮೊದಲ ಮೆಟ್ಟಿಲ ಮೇಲಿತ್ತು. ಕಂಬದ ಹ್ಯಾಂಡಲ್ ಮೇಲಕ್ಕೆದ್ದು ನಿಂತಿತ್ತು, ಬೀಗವಿಲ್ಲದೆ, ಬೋಳಾಗಿ. ಗುಂಡಿ ಒತ್ತಿದವರು ಯಾರು, ಯಾಕೆ ಎಂದು ತಿಳಿಯದೆ ಯಾರಾದರೂ ಆ ಗುಂಡಿಯನ್ನು ಮತ್ತೆ ಹೊರಕ್ಕೆಳೆದು ಕರೆಂಟು ಬಿಟ್ಟರೆ? ಮೇಲೆ ಇಬ್ಬರು. ಅಕ್ಕನಿಗೆ ಇಬ್ಬರೂ ಇಲ್ಲ. ಕಾಲು ಹಿಂದೆ ತೆಗೆಯುವುದು ಅವನು ಬದುಕಿನಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸವಾಗಿತ್ತು. ತೆಗೆದ. ತಂತಿ ಸತ್ತರೆ ಹಸಿರಾಗುವ ಕಂಬದ ದೀಪ ನೋಡಿದ. ಹಸಿರು. ಹ್ಯಾಂಡಲ್ ಹಿಡಿದು ಎಳೆದ. ಶೆಡ್ಡಿನ ಎಲ್ಲರಂತೆ ಸೊಂಟದಲ್ಲಿದ್ದ ತನ್ನ ಬೀಗವನ್ನು ತೂತಿಗೆ ಹಾಕಲು ಹೋದ. ರಕ್ತಕ್ಕೆ ಜಾರಿ ಎರಡು ಸಲ ತಪ್ಪಿತು, ಮೂರನೇ ಸಲ ಕೂತಿತು. ಕ್ಲಿಕ್ ಎಂದಿತು. ಕೀಲಿ ಜೇಬಿಗೆ ಹಾಕಿ ಹತ್ತಿದ.

ಭಾವ ಬೋಗಿಯ ನೆತ್ತಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಗ್ರೈಂಡರು ತೊಡೆಯ ಮೇಲಿತ್ತು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದ. ತಲೆಯಿಂದ ತಂತಿಗೆ ಒಂದು ಮೊಳ. ಡೈಲಾಗ್‌ನನ್ನು ಕಂಡು ಕಿವಿಯ ಕಪ್ಪು ಸರಿಸಿದ.

"ಏನೋ, ಮುಖ ಯಾಕೆ ಹೀಗಾಗಿದೆ? ಕೈಯಲ್ಲಿ ರಕ್ತ ಬೇರೆ."

ಡೈಲಾಗ್ ಜೇಬಿನಿಂದ ತುಂಡಾದ ಬೀಗ ತೆಗೆದು ಚಾಚಿದ. ಭಾವ ಅದನ್ನು ನೋಡಿದ. ತನ್ನ ಜೇಬು ಮುಟ್ಟಿ ನೋಡಿಕೊಂಡ. ಕೀಲಿ ಅಲ್ಲೇ ಇತ್ತು. ನಿಧಾನವಾಗಿ ತಲೆ ಎತ್ತಿ ತಂತಿ ನೋಡಿದ. ಆಮೇಲೆ ಕನ್ನಡಕ ಹಾಕಿಕೊಳ್ಳಲು ಹೋದ, ಕಡ್ಡಿ ಕಿವಿಗೆ ಸಿಗಲಿಲ್ಲ.

"ಸ್ವಲ್ಪ ಕೂತ್ಕೋ. ಈಗ ನನ್ನ ಕಾಲು ಇಳಿಯಲ್ಲ" ಎಂದ.

ಇಬ್ಬರೂ ಕೂತರು. ಕೆಳಗೆ ಜನ ಸೇರುವ ಸದ್ದು. ಅವರು ಇಳಿದಾಗ ಫ್ಯೂಸ್ ಅಣ್ಣ ಓಡಿ ಬಂದು ಕಂಬ ಹಿಡಿದು ನಿಂತಿದ್ದ, ಉರಿಯೆಲ್ಲ ಆರಿದ ಮುಖ.

"ನಾನು ಸ್ವಿಚ್ ಒತ್ತಿದೆ ಕಣೋ" ಎಂದ. "ಒತ್ತಿಬಿಟ್ಟಿದ್ದೆ. ಹತ್ತಲಿಲ್ಲ."

ಮೇಡಂ ಭಾವನ ತೋಳನ್ನೊಮ್ಮೆ ಮುಟ್ಟಿ ನೋಡಿದರು, ನಿಜವಾಗಿ ಇದ್ದಾನೆಯೇ ಎಂಬಂತೆ. ಆಫೀಸಿನಲ್ಲಿ ವರದಿ ಬರೆಯಲು ಕೂತಾಗ ಅವರು ಮೊದಲ ಸಾಲಿನಲ್ಲೇ, ಮೇಲೆ ಹತ್ತಿ ಹುಡುಕದೆ ಬೀಗ ಕತ್ತರಿಸಿದ್ದು ತಾನೇ ಎಂದು ಬರೆದರು. ಭಾವ ಸಹಿ ಹಾಕದೆ ಹತ್ತಿದ್ದನ್ನು ಬರೆಸಿದ. ಫ್ಯೂಸ್ ಅಣ್ಣ ಫೋನಿಟ್ಟದ್ದನ್ನು ಹೇಳಿದ. ಆಮೇಲೆ ಮೇಡಂ ಪೆನ್ನನ್ನು ಡೈಲಾಗ್‌ನ ಕಡೆ ತಳ್ಳಿ, ಫೋಟೋದ ವಿಷಯ ನಾನು ಬರೆಯುವುದಿಲ್ಲ, ನೀನೇ ಬರಿ ಎಂದರು. ಬ್ಯಾಂಡೇಜ್ ಸುತ್ತಿದ ಕೈಯಲ್ಲಿ ಅವನು ಬರೆದ. ಒಂದೂವರೆ ಸಾಲು. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ನಾಲ್ಕು ಗಂಟೆಗೆ ಶಿಫ್ಟ್ ಬಿಟ್ಟಿತು. ಗೇಟಿನ ಹೊರಗೆ ಭಾವ ಬಾಯಿಬಿಟ್ಟ. ಬೈಯುತ್ತಾನೆ, ಹೊಡೆದರೂ ಹೊಡೆಸಿಕೊಳ್ಳೋಣ ಎಂದು ಡೈಲಾಗ್ ಕಾದಿದ್ದ.

"ನಿಮ್ಮಕ್ಕಂಗೆ ನಾನು ಹೇಳಲ್ಲ. ನೀನೇ ಹೇಳ್ಬೇಕು."

ಅಷ್ಟೇ. ದಾರಿಯುದ್ದಕ್ಕೂ ಡೈಲಾಗ್ ಹೇಗೆ ಶುರು ಮಾಡಲಿ ಎಂದು ಹುಡುಕಿದ. ಸೈರನ್ನಿನ ಹೊತ್ತಿನಲ್ಲಿ ಇಲ್ಲದ ಹೊಸ ಹೆದರಿಕೆಯೊಂದು ಜೊತೆಗೆ ಬರುತ್ತಿತ್ತು. ಆಗ ಓಡಲು ಜಾಗವಿತ್ತು.

ಅಕ್ಕ ಬಾಗಿಲು ತೆರೆದು ಅವನ ಬ್ಯಾಂಡೇಜು ನೋಡಿ, ಯಾವ ಫೈಟಿಂಗ್ ಸೀನಪ್ಪಾ ಇದು ಎಂದಳು. ಹೋತ ಹೇಗಿದೆ ಎಂದು ಒಳಗಿನಿಂದ ಮಗಳು ಕೂಗಿದಳು. ಡೈಲಾಗ್ ಬೂಟನ್ನೂ ಬಿಚ್ಚದೆ, ತುಂಡು ಬೀಗವನ್ನು ಮುಂದೆ ಹಿಡಿದು, ನಿಂತಲ್ಲೇ ಎಲ್ಲವನ್ನೂ ಹೇಳಿದ. ಯಾರ ಗಂಟಲೂ ಅಲ್ಲ, ಅವನದೇ, ಒಡಕಲು.

ಕೇಳಿ ಮುಗಿಸಿ ಅಕ್ಕ ಗೊಳ್ಳನೆ ನಕ್ಕಳು. "ಸುಳ್ಳು ಹೇಳೋದಕ್ಕೂ ಒಂದು ಮಿತಿ ಬೇಡ್ವೇನೋ. ಗಂಡನ ಮೇಲೇ ತಂದಿದೀಯ ಕಥೇನ" ಎಂದು ಅವನ ತಲೆಗೊಂದು ಮೊಟಕಿ, ಮುಂದಿನ ನಗೆಗೆ ಕಾದಳು. ಡೈಲಾಗ್ ನಗಲಿಲ್ಲ. ಅವಳು ಅವನ ಹಿಂದೆ ನಿಂತಿದ್ದ ಭಾವನ ಮುಖ ನೋಡಿದಳು.

ನಗು ಅವಳ ಬಾಯಲ್ಲೇ ನಿಂತಿತು. ಎರಡು ಹೆಜ್ಜೆ ಮುಂದೆ ಬಂದು ಗಂಡನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂತು. ಮುಷ್ಟಿ ಬಿಡಲಿಲ್ಲ.