ತಾನಾಗಿ ಸರಿಯುತ್ತಿದ್ದ ಬಾಣ

ಮಂಗಲಾ ಮೌಸಿನಿಂದ ಕೈ ತೆಗೆದರೂ ತೆರೆಯ ಮೇಲಿನ ಬಾಣ ಸರಿಯುತ್ತಲೇ ಇತ್ತು. ಅವಳು ಕೂತದ್ದು ಬೀಳಗಿಯ ತವರುಮನೆಯಲ್ಲಿ, ಕಾಲು ಮುರಿದುಕೊಂಡ ತಾಯಿ ಅನಸವ್ವನ ಮಂಚದ ಪಕ್ಕ. ಲ್ಯಾಪ್‌ಟಾಪಿನಲ್ಲಿ ಕಾಣುತ್ತಿದ್ದುದು ಮಾತ್ರ ಬನಹಟ್ಟಿಯ ಗಂಡನ ಮನೆಯ ಕಂಪ್ಯೂಟರು. ಇಂಟರ್‌ನೆಟ್ಟಿನಿಂದ ಅದನ್ನು ಎಲ್ಲಿ ಕೂತರೂ ತೆರೆದು ಕೆಲಸ ಮಾಡುವ ಏರ್ಪಾಡನ್ನು ಹೊರಡುವ ಮುಂಚೆಯೇ ಮಾಡಿಸಿಕೊಂಡಿದ್ದಳು. ಈಗ ನೋಡಿದರೆ, ಅಲ್ಲಿ ಯಾರೋ ಕೂತು ಸೀರೆಯಂಚಿಗೆಂದು ಅವಳು ಬರೆದ ಕಮಲದ ದಡಿಯನ್ನು ಪೆನ್‌ಡ್ರೈವಿಗೆ ಎಳೆದು ಹಾಕುತ್ತಿದ್ದರು!

ಆ ದಡಿ ಇವತ್ತು ನೇಕಾರರ ಪ್ರದರ್ಶನಕ್ಕೆ ಹೋಗಬೇಕಿತ್ತು, ಅವಳದೇ ಹೆಸರಿನಲ್ಲಿ. ಮದುವೆಯಾಗಿ ಬಂದಾಗಿನಿಂದ ಬರೆದ ಸೀರೆಯಂಚುಗಳೆಲ್ಲ ‘ಮನಿ ಮಾಲು’ ಅನ್ನಿಸಿಕೊಂಡು ಮಗ್ಗಕ್ಕೇರಿದ್ದವು. ಇದೊಂದಾದರೂ ತನ್ನದಾಗಿರಲಿ ಎಂದು ಹಟ ಹಿಡಿದಿದ್ದಳು. ಹೋದ ದೀಪಾವಳಿಗೆ ಲೋಕಾಪುರದ ಅಂಗಡಿಯಲ್ಲಿ ತನ್ನ ನವಿಲಿನ ದಡಿ ಬೇರೆಯವರ ಸೀರೆಯ ಮೇಲೆ ಕಂಡಾಗ ಹೊಟ್ಟೆ ಉರಿದುಹೋಗಿತ್ತು. “ಲೋಕದಾಗ ನವಿಲು ನಿನ್ನೊಬ್ಬಾಕೀದೇನು?” ಎಂದು ಗಂಡ ವಿಜಯ ನಕ್ಕಿದ್ದ. “ಇಂಟರ್‌ನೆಟ್‌ನ್ಯಾಗ ಕಳ್ಳರು ಭಾಳ, ಪಾಸ್‌ವರ್ಡ್ ಗಟ್ಟಿ ಇಡು” ಎಂದವನೂ ಅವನೇ. ಇಟ್ಟಳು, ಯಾರಪ್ಪನಿಗೂ ಸಿಗದಂಥದ್ದು. ಅವನೊಬ್ಬನಿಗೆ ಹೇಳಿದ್ದಳು.

ಫೋನ್ ಹಚ್ಚಿದಳು. ಅತ್ತ ರಿಂಗಾಗುತ್ತಲೂ ಇತ್ತ ಬಾಣ ಗಕ್ಕನೆ ನಿಂತಿತು.

“ಎಲ್ಲಿ ಅದೀರಿ?”

“ಮಗ್ಗದ ಶೆಡ್ಡಿನ್ಯಾಗ. ಯಾಕ? ಅತ್ತಿ ಹೆಂಗದಾರ?”

ಮಗ್ಗದ ಸದ್ದೇ ಇಲ್ಲ! ಆ ಶೆಡ್ಡಿನಲ್ಲಿ ನಿಂತವನು ಗಂಟಲು ಹರಿಯುವಂತೆ ಕೂಗದೆ ಮಾತಾಡುವುದುಂಟೇ? ಇವನು ನೋಡಿದರೆ ಬೆಣ್ಣೆ ಸವರಿದಂತೆ ಮಾತಾಡುತ್ತಿದ್ದ. ಮಂಗಲಾಳಿಗೆ ಸಿಟ್ಟು ನೆತ್ತಿಗೇರಿತು. ಮೌಸು ಹಿಡಿದು ಬಾಣವನ್ನು ಗರಗರ ತಿರುಗಿಸಿದಳು.

“ಕಾಣಾಕತ್ತೈತೇನ್ರಿ? ಅದು ನಾನು. ಬಿಡ್ರಿ ಆ ಮೌಸ್!”

ಅತ್ತಲಿಂದ ಪಿಸುಮಾತು ಬಂತು. “ಏ ಮಂಗಲಾ, ಚನಮಲ್ಲಪ್ಪ ಕಾಕಾ ಎದುರಿಗೆ ಕುಂತಾರ. ಅವರ ಮಗ್ಗಕ್ಕ ಈ ದಡಿ ಬೇಕಂತ. ನನ್ನ ಮರ್ಯಾದಿ ತಗೀಬ್ಯಾಡ. ಒಂದ ಮನ್ಯಾಗ ನಿಂದೇನು, ನಂದೇನು?”

“ನವಿಲೂ ನೀವ ಕೊಟ್ಟಿದ್ರೇನು?”

“ಮೆಲ್ಲಗ ಮಾತಾಡು, ಕಾಕಾಗ ಕೇಳ್ತೈತಿ” ಎಂದ ವಿಜಯ. ಮರ್ಯಾದಿಯಂತೆ, ಸುಡುಗಾಡು!

“ಸ್ಪೀಕರ್ ಹಚ್ರಿ. ಇಲ್ಲಂದ್ರ ಈಗ ಬಸ್ ಹತ್ತಿ ಬಂದು ಓಣ್ಯಾಗ ನಿಂತು ಮಾತಾಡ್ತೀನಿ.”

ಬರುವವಳೇ ಎಂದು ಅವನಿಗೆ ಗೊತ್ತಿತ್ತು. ಹಚ್ಚಿದ.

“ಕಾಕಾರ, ನಾ ಮಂಗಲಾ ಮಾತಾಡಾಕತ್ತೇನ್ರಿ. ಆ ಕಮಲದ ದಡಿ ನಾ ಬರದದ್ದು. ಮದಲಿನ ನವಿಲೂ ನಂದ. ಇದನ್ನ ಯಾರಿಗೂ ಕೊಡಂಗಿಲ್ರಿ.”

ಬಸಿಯ ಮೇಲೆ ಚಹದ ಕಪ್ಪು ಇಟ್ಟ ಸದ್ದಾಯಿತು. “ಯಾಕೋ ವಿಜಯಾ,” ಎಂದಿತು ಚನಮಲ್ಲಪ್ಪನ ದನಿ, “ಎರಡೂ ನೀನ ಬರದದ್ದು ಅಂದಿದ್ದೆಲ್ಲೋ?”

ಕದ್ದದ್ದು ಹಾಳಾಗಿ ಹೋಗಲಿ, ಹೆಸರನ್ನೂ ನುಂಗಿ ನೀರು ಕುಡಿದನಲ್ಲ! ಉಣ್ಣುವ ಹೊತ್ತಿಗೆ ಉಣ್ಣದೆ, ಕಣ್ಣು ಉರಿಸಿಕೊಂಡು ಒಂದೊಂದು ಎಸಳು ಬರೆದವಳು ಅವಳು. “ಇನ್ನೂ ಮುಗೀಲಿಲ್ಲೇನು?” ಎಂದು ಗೊಣಗಿದ್ದಷ್ಟೇ ಇವನ ಕೆಲಸ. ಥೂ!

ಫೋನ್ ಕಟ್ ಮಾಡಿದಳು. ಪೆನ್‌ಡ್ರೈವಿನಲ್ಲಿದ್ದ ದಡಿಯನ್ನು ಬೀಳಗಿಯಿಂದಲೇ ಅಳಿಸಿದಳು. ಆ ಕಡೆಯಿಂದ ಬಾಣ ಮಿಸುಕಲಿಲ್ಲ. ಕಮಲದ ಕೆಳಗೆ ತನ್ನ ಹೆಸರು ಬರೆದು ಪ್ರದರ್ಶನದವರಿಗೆ ಕಳಿಸಿದಳು. ಆಮೇಲೆ ಪಾಸ್‌ವರ್ಡ್ ಬದಲಿಸಿ ಕಂಪ್ಯೂಟರಿಗೆ ಬೀಗ ಹಾಕಿದಳು.

“ಯಾರ ಜೋಡಿಬೇ ಜಗಳ?” ಅನಸವ್ವ ಮಂಚದಿಂದ ಕೇಳಿದಳು.

“ಕಳ್ಳರ ಜೋಡಿ, ಯವ್ವಾ.”

ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದವಳು ಹಾಗೇ ಕೂತಳು. ಪಾಸ್‌ವರ್ಡ್ ಕೇಳುವ ಬಿಳಿ ಪಟ್ಟಿಯಲ್ಲಿ ಒಂದೊಂದೇ ಕಪ್ಪು ಚುಕ್ಕೆ ಮೂಡುತ್ತಿತ್ತು. ಬನಹಟ್ಟಿಯಲ್ಲಿ ವಿಜಯ ಕೀಲಿಮಣೆ ಒತ್ತುತ್ತಿದ್ದ. ತಪ್ಪು ಎಂದಿತು ಕಂಪ್ಯೂಟರು. ಚುಕ್ಕೆಗಳೆಲ್ಲ ಅಳಿಸಿಹೋದವು. ಸ್ವಲ್ಪ ತಡೆದು, ಈ ಸಲ ನಿಧಾನವಾಗಿ, ಮತ್ತೆ ಮೊದಲನೆಯ ಚುಕ್ಕೆ ಮೂಡಿತು.