ಎಪಾಕ್ಸಿ ಕಲಸಿದ ಹೊತ್ತಿಗೆ ಬಂದ ನೆಂಟರು

ಐದು ಗಂಟೆಗೆ ಬರ್ತೇವೆ ಅಂದ ನೆಂಟರು ಮಂಗಳೂರಿನಲ್ಲಿ ಐದಕ್ಕೇ ಬಂದದ್ದು ಉಂಟಾ? ಹೆಣ್ಣು ನೋಡಲಿಕ್ಕೆ ಬರುವವರಾದರೆ ಕೇಳುವುದೇ ಬೇಡ, ಏಳಾದರೂ ಆಯಿತು. ಅವಸರ ಉಂಟು ಅಂತ ತೋರಿಸಿಕೊಂಡರೆ ಗಂಡಿನ ಕಡೆಯವರ ಮರ್ಯಾದೆ ಎಂತ ಆಗಬೇಕು! ಈ ಲೆಕ್ಕವನ್ನೇ ನಂಬಿ ನುಸೈಬಾ ಆ ಭಾನುವಾರ ಸಂಜೆ ದೋಣಿಗೆ ಹಚ್ಚುವ ಎಪಾಕ್ಸಿ ಅಂಟು ಕಲಸಿದ್ದು.

ಉರ್ವದ ಅವರ ಮನೆಯ ಕಾರ್ ಶೆಡ್ಡಿನಲ್ಲಿ ಕಾರು ನಿಲ್ಲದೆ ವರ್ಷವಾಗುತ್ತ ಬಂತು. ಅಲ್ಲಿ ಎರಡು ಸ್ಟೂಲುಗಳ ಮೇಲೆ ಪ್ಲೈವುಡ್ಡಿನ ಸಣ್ಣ ದೋಣಿಯೊಂದು ಕವುಚಿ ಮಲಗಿತ್ತು. ಕದ್ರಿಯ ಆಫೀಸಿನಲ್ಲಿ ದಿನವಿಡೀ ಊರವರ ಟ್ಯಾಕ್ಸ್ ನೋಡಿ ಬಂದ ಮೇಲೆ ನುಸೈಬಾ ತನ್ನ ಕೈಯಾರೆ ಕೊಯ್ದು, ಹಲಗೆಗಳನ್ನು ತಂತಿ ಹಾಕಿ ಹೊಲಿದು, ಉಜ್ಜಿ ಮಾಡಿದ ದೋಣಿ. ಅವಳ ಉಮ್ಮನ ತವರು ಹೊಳೆಯಾಚೆಯ ಬೆಂಗರೆ. ಸಣ್ಣವಳಿದ್ದಾಗ ಫೆರಿಯಲ್ಲಿ ಅಜ್ಜಿ ಮನೆಗೆ ಹೋಗುವಾಗೆಲ್ಲ, ಒಂದು ದಿನ ನನ್ನದೇ ದೋಣಿಯಲ್ಲಿ ಬರ್ತೇನೆ ನೋಡಿ ಅನ್ನುತ್ತಿದ್ದಳು. ಎಲ್ಲರೂ ನಕ್ಕರು. ನಗಲಿ, ನಕ್ಕವರ ಮನೆಯಲ್ಲಿ ದೋಣಿ ಇಲ್ಲ.

ಆದರೆ ಇದೇ ದೋಣಿ ಎರಡು ಸಂಬಂಧ ತಪ್ಪಿಸಿತ್ತು, ಅದೂ ನಿಜ. ಮೊದಲು ಬಂದವರು "ಇದನ್ನು ಯಾರಿಗಾದ್ರೂ ಮಾರಿಬಿಡಿ" ಅಂದರು. ಆಮೇಲೆ ಬಂದವರು ಏನೂ ಅನ್ನದೆ ಚಾ ಕುಡಿದು ಹೋದವರು ಫೋನೇ ಮಾಡಲಿಲ್ಲ. ಹೋಗಲಿ ಬಿಡಿ ಅಂತ ನುಸೈಬಾ ಪುನಃ ಸ್ಯಾಂಡ್ ಪೇಪರ್ ಹಿಡಿದಿದ್ದಳು. ಈ ಸಲ ಬರುವ ಹುಡುಗ ಇಜಾಝನ ವಿಷಯ ಮಾತ್ರ ಬೇರೆ. ಫೋನಿನಲ್ಲಿ ನಾಲ್ಕು ಮಾತಾಡಿದ್ದಳು, ಅವನು ನಗುವ ರೀತಿ ಮನಸ್ಸಿಗೆ ಹಿಡಿಸಿತ್ತು. ಅವಳಿಗೆ ಹುಡುಗನೂ ಬೇಕು, ದೋಣಿಯೂ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಯೋಚನೆ ಅವಳ ತಲೆಗೆ ಬರಲೇ ಇಲ್ಲ.

ಉಮ್ಮ ಮುಮ್ತಾಝ್ ಮಾತ್ರ ವಾರದಿಂದ ಒಂದೇ ಪಲ್ಲವಿ ಹಾಡುತ್ತಿದ್ದಳು. "ತಲೆ ತಗ್ಗಿಸಿ ಕೂತ್ಕೊ. ಮೆಲ್ಲ ಮಾತಾಡು. ದೋಣಿಗೆ ಒಂದು ಟಾರ್ಪಾಲ್ ಹಾಕುವ, ನಿಕಾಹ್ ಆದ ಮೇಲೆ ತೆಗೆದ್ರಾಯ್ತು."

"ನಿನ್ನೆ ಮರಕ್ಕೆ ಎಪಾಕ್ಸಿಯ ಮೊದಲ ಕೋಟು ಹಚ್ಚಿ ಆಗಿದೆ ಉಮ್ಮ. ಅದು ಪೂರ್ತಿ ಗಟ್ಟಿಯಾಗುವ ಮೊದಲು ಮೇಲೆ ಫೈಬರ್ ಬಟ್ಟೆ ಕೂರಬೇಕು. ನಾಳೆಗಾದ್ರೆ ಎಲ್ಲ ಪುನಃ ಉಜ್ಜಬೇಕು. ಅವರು ಬರುವಾಗ ಮಿಂದು ರೆಡಿ ಇರ್ತೇನೆ, ನೀವು ಸುಮ್ಮನಿರಿ."

ಹಾಗೆ ಹೇಳಿ ಕವುಚಿದ ದೋಣಿಯ ಅಡಿಭಾಗದ ಮೇಲೆ ಫೈಬರ್ ಗ್ಲಾಸಿನ ಬಟ್ಟೆ ಹಾಸಿ, ಅಂಗೈಯಲ್ಲಿ ಸವರಿ ಸುಕ್ಕು ತೆಗೆದಳು. ಮದುಮಗಳ ದುಪಟ್ಟಾದ ಹಾಗೆ ಬೆಳ್ಳಗೆ ಮಿನುಗುವ ಬಟ್ಟೆ. ನಡುವಿಗೆ ಎಪಾಕ್ಸಿ ಸುರಿದು, ರಬ್ಬರ್ ಪಟ್ಟಿಯಲ್ಲಿ ಮೆಲ್ಲಗೆ ಅಂಚಿನ ಕಡೆಗೆ ಎಳೆದಳು. ಎಳೆದಲ್ಲೆಲ್ಲ ಬಿಳಿ ಮಾಯವಾಗಿ ಒಳಗಿನ ಮರದ ಬಣ್ಣ ಎದ್ದು ಬಂತು. ಬಿಳಿ ಉಳಿದರೆ ಅಲ್ಲಿಗೆ ಅಂಟು ಇಳಿದಿಲ್ಲ ಅಂತ ಅರ್ಥ, ನಾಳೆ ಅಲ್ಲಿಂದಲೇ ನೀರು ಹೊಕ್ಕೀತು. ಅರ್ಧ ದೋಣಿ ಮುಗಿಯುತ್ತ ಬಂದಿತ್ತು, ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿತು.

ಐದಕ್ಕೆ ಇನ್ನೂ ಹತ್ತು ನಿಮಿಷ ಉಂಟು! ಯಾ ಅಲ್ಲಾಹ್! ಶಾರ್ಜಾದ ಕಂಪೆನಿಯಲ್ಲಿ ವರ್ಷಗಟ್ಟಲೆ ಕಾರ್ಡ್ ಪಂಚ್ ಮಾಡಿದ ಇಜಾಝನಿಗೆ ಐದು ಅಂದರೆ ಐದೇ ಅಂತ ಯಾರಿಗೆ ಗೊತ್ತಿತ್ತು?

ನುಸೈಬಾಳ ತಂದೆ, ಉಪ್ಪ ಶಾಹುಲ್, ಅಂಗಿಯ ಗುಂಡಿ ಹಾಕುತ್ತಲೇ ಗೇಟಿಗೆ ಓಡಿದರು. ಮುಮ್ತಾಝ್ ಶೆಡ್ಡಿಗೆ ನುಗ್ಗಿದಳು. "ಬಿಡು ಅದನ್ನು! ಹಿಂದಿನ ಬಾಗಿಲಿಂದ ಒಳಗೆ ಹೋಗು!"

"ಈಗ ಬಿಟ್ಟರೆ ಅರ್ಧಕ್ಕೇ ಹಿಡಿದು ಕಲ್ಲಾಗ್ತದೆ ಉಮ್ಮ. ಬಟ್ಟೆಯೂ ಹಾಳು, ಅಡಿಯೂ ಹಾಳು."

"ಸಂಬಂಧ ಹಾಳಾದ್ರೆ?"

"ಅವರು ಅರ್ಧ ಗಂಟೆ ಕಾಯಬಹುದು. ಇದು ಕಾಯುವುದಿಲ್ಲ."

ಅಷ್ಟರಲ್ಲಿ ಹುಡುಗನ ತಾಯಿ ಹಫ್ಸಾ ಶೆಡ್ಡಿನ ಎದುರಿಗೇ ಬಂದು ನಿಂತಾಗಿತ್ತು. ಎತ್ತರದ ಹೆಂಗಸು, ಮುಖ ನೋಡಿ ಮನಸ್ಸು ಹೇಳುವ ಹಾಗೆ ಇಲ್ಲ. ನುಸೈಬಾ ಕೆಲಸ ನಿಲ್ಲಿಸದೆಯೇ ಸಲಾಂ ಹೇಳಿದಳು. "ಕೈಯೆಲ್ಲ ಅಂಟು ಆಂಟಿ, ಬೇಜಾರು ಮಾಡ್ಬೇಡಿ. ಒಳಗೆ ಕೂತ್ಕೊಳ್ಳಿ, ಇದೊಂದು ಮುಗಿಸಿ ಬರ್ತೇನೆ."

"ಇಲ್ಲೇ ಗಾಳಿ ಉಂಟು," ಅಂದ ಹಫ್ಸಾ ಅಂಗಳದ ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತೇಬಿಟ್ಟಳು. ಒಳಗೆ ಕಟ್ಲೆಟ್ ಆರುತ್ತಿತ್ತು. ಮುಮ್ತಾಝಳ ಗಂಟಲೂ ಆರುತ್ತಿತ್ತು.

ತಾಯಿಯ ಹಿಂದೆಯೇ ಬಂದ ಇಜಾಝನ ಮುಖ ಮಾತ್ರ ಅರಳಿತು. "ಫೈಬರ್ ಕೆಲಸವಾ? ನಾನು ಅಲ್ಲಿ ನೀರಿನ ಟ್ಯಾಂಕ್ ಮಾಡುವ ಕಂಪೆನಿಯಲ್ಲೇ ಇದ್ದದ್ದು!" ಹೊಸ ಅಂಗಿಯ ಕೈ ಮಡಚಿ, ಗ್ಲೌಸ್ ಹಾಕಿ, ಕೇಳದೆಯೇ ಒಂದು ಕಪ್ ತೆಗೆದುಕೊಂಡು ಕಲಸತೊಡಗಿದ. "ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿದ್ದೇನೆ, ಬೇಗ ಹಿಡೀತದೆ. ಚಾ ಆರುವ ಮೊದಲು ಮುಗಿಸುವ." ಕಪ್ಪನ್ನು ದೋಣಿಯ ಮೇಲೆ ಬಗ್ಗಿಸಿದ.

"ನಿಲ್ಲಿ! ಅದನ್ನು ನನ್ನ ದೋಣಿಗೆ ಮುಟ್ಟಿಸ್ಬೇಡಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಕ್ಕದ ಮನೆಯ ಗೆರ್ಟ್ರೂಡ್ ಬಾಯಿ ಕಿಟಕಿಯ ಪರದೆ ಸರಿಸಿ ನೋಡುವಷ್ಟು ಜೋರಾಗಿತ್ತು ಆ ದನಿ. ಶಾಹುಲ್ ಆಕಾಶ ನೋಡಿದರು. ಮುಮ್ತಾಝ್ ಗೋಡೆ ಹಿಡಿದಳು.

ಇಜಾಝನ ಕಿವಿ ಕೆಂಪಾಯಿತು. "ಇಷ್ಟು ವರ್ಷ ಇದನ್ನೇ ಮಾಡಿದವ ನಾನು."

ನುಸೈಬಾ ಆ ಕೆಂಪು ಕಿವಿ ನೋಡಿದಳು. ಸುಮ್ಮನೆ ನಕ್ಕು, ಆಯ್ತು ಹಾಕಿ ಅಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಇವತ್ತಿಗೆ ಸರಿಹೋಗುತ್ತಿತ್ತು. ಆದರೆ ಇವತ್ತು ಹಾಗೆ ಅಂದವಳು ಬದುಕಿಡೀ ಹಾಗೇ ಅನ್ನಬೇಕಾದೀತು ಅಂತ ಅವಳಿಗೆ ಸ್ಪಷ್ಟವಾಗಿ ಕಂಡಿತು.

"ನೀವು ಅಲ್ಲಿ ಕಲಸಿದ್ದು ಪಾಲಿಯೆಸ್ಟರ್ ಅಂಟು. ಅದಕ್ಕೆ ಹಾರ್ಡನರ್ ಜಾಸ್ತಿಯಾದ್ರೆ ಬೇಗ ಹಿಡೀತದೆ, ಒಪ್ಪಿದೆ. ಇದು ಎಪಾಕ್ಸಿ. ಇದಕ್ಕೆ ಎರಡು ಪಾಲು ಅಂಟಿಗೆ ಒಂದೇ ಪಾಲು ಹಾರ್ಡನರ್. ಹೆಚ್ಚಾದ್ರೆ ಬೇಗ ಗಟ್ಟಿಯಾಗುವುದಲ್ಲ, ಎಷ್ಟು ದಿನ ಬಿಟ್ಟರೂ ಮೆತ್ತಗೇ ಉಳೀತದೆ. ಡಬ್ಬದ ಮೇಲೆ ಉಂಟು, ಓದಿ."

ಇಜಾಝ್ ಡಬ್ಬ ಎತ್ತಿ ತಿರುಗಿಸಿ ಓದಿದ. ಇನ್ನೊಮ್ಮೆ ಓದಿದ. ನುಸೈಬಾಳ ಕೈ ರಬ್ಬರ್ ಪಟ್ಟಿ ಎಳೆಯುತ್ತಲೇ ಇತ್ತು, ಕಣ್ಣು ಮಾತ್ರ ಅವನ ಮೇಲೆ. ಅವನು ಕಪ್ಪನ್ನು ತೆಗೆದುಕೊಂಡು ಹೋಗಿ ಅಂಗಳದ ಮೂಲೆಯಲ್ಲಿಟ್ಟು ಬಂದ.

"ಹೌದು, ನನ್ನದೇ ತಪ್ಪು. ಎಲ್ಲ ಒಂದೇ ಅಂತ ಅಂದಾಜು ಮಾಡಿದೆ." ಆಮೇಲೆ ಆ ನಗು, ಫೋನಿನಲ್ಲಿ ಕೇಳಿದ್ದೇ. "ಅಳತೆಯ ಗ್ಲಾಸ್ ಎಲ್ಲುಂಟು? ನೀವು ಎಳೀರಿ, ನಾನು ಸರಿಯಾಗಿ ಕಲಸಿ ಕೊಡ್ತೇನೆ."

ಕೆಲಸ ಮುಂದುವರಿಯಿತು. ಆದರೆ ಹಫ್ಸಾ ಕುರ್ಚಿಯನ್ನು ಮುಮ್ತಾಝಳ ಕಡೆಗೆ ತಿರುಗಿಸಿ ಕೇಳಿದಳು.

"ಇವಳು ಯಾವಾಗ್ಲೂ ಹೀಗೆಯಾ?"

ಒಂದು ಸುಳ್ಳು ಸಾಕಿತ್ತು. ಇಲ್ಲ ಇಲ್ಲ, ಇವತ್ತು ಸ್ವಲ್ಪ ಟೆನ್ಶನ್, ಇಲ್ಲದಿದ್ದರೆ ಬಾಯಿಯೇ ಇಲ್ಲದ ಹುಡುಗಿ ಅಂದರೆ ಆಗುತ್ತಿತ್ತು. ವಾರವಿಡೀ ಮುಮ್ತಾಝ್ ತಯಾರು ಮಾಡಿಟ್ಟದ್ದು ಅಂಥ ಮಾತುಗಳನ್ನೇ. ಅವಳು ಮಗಳನ್ನು ನೋಡಿದಳು. ಬೆವರಿನಲ್ಲಿ ಮಿಂದು, ಹಳೇ ಚೂಡಿದಾರದಲ್ಲಿ, ಮೊಣಕೈವರೆಗೆ ಅಂಟು ಮಾಡಿಕೊಂಡು, ಒಂದು ಗುಳ್ಳೆಯನ್ನೂ ಬಿಡದೆ ಅಂಚಿಗೆ ತಳ್ಳುತ್ತಿದ್ದ ಮಗಳನ್ನು.

"ಯಾವಾಗ್ಲೂ ಹೀಗೇ," ಅಂದಳು ಮುಮ್ತಾಝ್. "ಇದು ಅವಳೇ ಕಟ್ಟಿದ ದೋಣಿ, ನಾವ್ಯಾರೂ ಕೈ ಹಾಕಲಿಲ್ಲ. ಮದುವೆಯಾದ್ರೂ ಅವಳು ಹೀಗೇ ಇರ್ತಾಳೆ. ನೀವು ಇವತ್ತೇ ನೋಡಿದ್ದು ಒಳ್ಳೇದಾಯ್ತು."

ನುಸೈಬಾಳ ಕೈ ಆವಾಗ ನಿಂತಿತು. ಇಷ್ಟೆಲ್ಲ ಆದರೂ ನಿಲ್ಲದ ಕೈ, ಉಮ್ಮನ ಆ ಮಾತಿಗೆ ನಿಂತಿತು. ಕಣ್ಣು ತುಂಬಿ ಎದುರಿನದ್ದೆಲ್ಲ ಮಂಜಾಯಿತು. ಒರೆಸಿಕೊಳ್ಳಲು ಎರಡೂ ಕೈಯಲ್ಲಿ ಎಪಾಕ್ಸಿ.

ಹಫ್ಸಾ ಕುರ್ಚಿಯಿಂದ ಎದ್ದು ಬಂದಳು. ತನ್ನ ಶಾಲಿನ ತುದಿಯಿಂದ ಹುಡುಗಿಯ ಎರಡೂ ಕಣ್ಣು ಒರೆಸಿ, ದೋಣಿಯ ಮೂತಿಯ ಕಡೆ ಬೆರಳು ತೋರಿಸಿದಳು.

"ಅಳಲಿಕ್ಕೆ ಆಮೇಲೆ ಬೇಕಾದಷ್ಟು ಟೈಮ್ ಉಂಟು ಮಗಳೇ. ಅಲ್ಲಿ ಇನ್ನೂ ಬಿಳಿ ಕಾಣ್ತಾ ಉಂಟು, ಬೇಗ ನೋಡು."